ಹತ್ತನೇ ಕ್ಲಾಸಿನ ರಿಯಾಯಿತಿ, ಎರಡನೇ ಕ್ಲಾಸಿನ ತೊಡಕು

ಮಗುವಿಗೆ ಕಲಿಕಾ ನ್ಯೂನತೆ (ಲರ್ನಿಂಗ್ ಡಿಸೆಬಿಲಿಟಿ) ಇದೆ ಅಂತ ಆಸ್ಪತ್ರೆ ಕೊಡುವ ‘ಎಲ್‌ಡಿ ಸರ್ಟಿಫಿಕೇಟ್’ ಯಾವಾಗ ಮಾಡಿಸಬೇಕು, ಎಲ್ಲಿ ಮಾಡಿಸಬೇಕು, ಕನ್ನಡ ಮೀಡಿಯಂ ಮಗುವಿಗೂ ಸಿಗುತ್ತದಾ? ಮುಂಬಯಿ ಕನ್ನಡಿಗರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಗೋಜಲು ಇವತ್ತಿನದಲ್ಲ.

ಬುದ್ಧಿ ಚುರುಕಿದ್ದೂ ಓದು ಹತ್ತದ 14 ವರ್ಷದ ಹುಡುಗನ ಬಗ್ಗೆ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬರೆದದ್ದು 1896ರಲ್ಲಿ. ಮಹಾರಾಷ್ಟ್ರದ ಪರೀಕ್ಷಾ ಹಾಲಿಗೆ ಆ ವಿಷಯ ಬರಲು ನೂರು ವರ್ಷ ಹಿಡಿಯಿತು. ಅಲ್ಲಿತನಕ ಇಂಥ ಮಕ್ಕಳಿಗೆ ಸಿಕ್ಕಿದ್ದು ‘ದಡ್ಡ’, ‘ಸೋಮಾರಿ’ ಅನ್ನುವ ಹೆಸರು.

1996ರಲ್ಲಿ ರಾಜ್ಯ ಸರ್ಕಾರ ಎಸ್ಸೆಸ್ಸಿ (ಹತ್ತನೇ ಕ್ಲಾಸಿನ ಪರೀಕ್ಷೆ) ಬರೆಯುವ ಡಿಸ್ಲೆಕ್ಸಿಯಾ ಮಕ್ಕಳಿಗೆ, ಅಂದರೆ ಬುದ್ಧಿ ಇದ್ದೂ ಓದು ಬರಹ ಹತ್ತದ ಮಕ್ಕಳಿಗೆ, ರಿಯಾಯಿತಿ ಕೊಟ್ಟಿತು. ಅದೇ ವರ್ಷ ಮುಂಬಯಿಯಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಶುರುವಾಯಿತು. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡಲು ಒಬ್ಬರು, ಬೀಜಗಣಿತ ಮತ್ತು ರೇಖಾಗಣಿತದ ಬದಲು ಏಳನೇ ಕ್ಲಾಸಿನ ಅಂಕಗಣಿತ ಇವೆಲ್ಲ ಈ ರಿಯಾಯಿತಿಯಲ್ಲಿ ಬಂದವು. ಸಾವಿರಾರು ಮಕ್ಕಳಿಗೆ ಇದರಿಂದ ಉಸಿರಾಡುವ ಹಾಗಾಯಿತು. ಆದರೆ ಸಹಾಯ ಪರೀಕ್ಷೆಗೆ ಅಂಟಿಕೊಂಡಿತು. ಎರಡನೇ ಕ್ಲಾಸಿನಲ್ಲಿ ಕಾಣಿಸಿದ ತೊಡಕಿಗೆ ಒಂಬತ್ತನೇ ಕ್ಲಾಸಿನಲ್ಲಿ ಸರ್ಟಿಫಿಕೇಟಿನ ಓಡಾಟ ಶುರುವಾಗುವುದು ರೂಢಿಯಾಯಿತು.

ಆ ಓಡಾಟವೂ ಸಣ್ಣದಲ್ಲ. ಸಯನ್ ಆಸ್ಪತ್ರೆಯಂಥ ಕಡೆ ಮೊದಲು ಕಣ್ಣು, ಕಿವಿ ನೋಡುತ್ತಾರೆ. ಆಮೇಲೆ ಐಕ್ಯೂ ಪರೀಕ್ಷೆ. ಆಮೇಲೆ ಸ್ಪೆಷಲ್ ಟೀಚರ್ ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ಮಗು ತನ್ನ ಕ್ಲಾಸಿಗಿಂತ ಎಷ್ಟು ಹಿಂದಿದೆ ಅಂತ ನೋಡುತ್ತಾರೆ. ಹೋಟೆಲಲ್ಲಿ ದುಡಿಯುವ ಅಪ್ಪನಿಗೆ ಅಷ್ಟು ರಜೆ ಎಲ್ಲಿ ಸಿಗಬೇಕು?

ಕನ್ನಡ ಮೀಡಿಯಂ ಮಗುವಿನ ಸಂಗತಿ ಇನ್ನೂ ಸಿಕ್ಕು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಸೇರಿ ಭಾಷೆ ನಾಲ್ಕು, ಲಿಪಿ ಮೂರು. ‘ಕತ್ತೆ’ ಬರೆಯಲು ಹೇಳಿದರೆ ‘ಕತೆ’ ಬರೆಯುತ್ತದೆ, ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ. ಮನೆಮಾತು ತುಳು, ಹಾಗಾಗಿ ಕನ್ನಡ ತಡ ಅಂತ ಶಾಲೆಯವರೂ ಮನೆಯವರೂ ಸುಮ್ಮನಾಗುತ್ತಾರೆ. ಕೆಲವೊಮ್ಮೆ ಅದು ನಿಜವೇ. ಆದರೆ ಅದೇ ಮಗು ಮರಾಠಿಯಲ್ಲೂ ಒತ್ತಕ್ಷರ ನುಂಗಿ, ಇಂಗ್ಲಿಷಿನಲ್ಲಿ ಬಿ ಮತ್ತು ಡಿ ಅದಲುಬದಲು ಮಾಡಿ, ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಒಪ್ಪಿಸಿದರೆ? ತೊಂದರೆ ಕನ್ನಡದ್ದಲ್ಲ, ಅಲ್ವಾ.

2015ರಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹೊರತಂದ, ಡಿಸ್ಲೆಕ್ಸಿಯಾ ಗುರುತಿಸುವ ‘ಡಾಲಿ’ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಆದರೆ ಅದನ್ನು ಮಗುವಿನ ಮುಂದಿಟ್ಟು ಕೇಳುವವರಿಗೂ ಕನ್ನಡ ಬರಬೇಕು. ಮುಂಬಯಿಯಲ್ಲಿ ಅಂಥವರನ್ನು ಹುಡುಕಿಕೊಂಡು ಹೋಗಬೇಕಾದವರು ಅಪ್ಪ ಅಮ್ಮನೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಸೇರಿತು. 2018ರಲ್ಲಿ ಬಂದ ಮಾರ್ಗಸೂಚಿ ಸರ್ಟಿಫಿಕೇಟಿಗೆ ಮಗುವಿಗೆ 8 ವರ್ಷವಾದರೂ ಆಗಿರಬೇಕು ಅಂತ ಗಡಿ ಇಟ್ಟು, 14 ಮತ್ತು 18ಕ್ಕೆ ಮರುಪರೀಕ್ಷೆ ಅಂದಿತು. ಅದೇ ಕಾಯ್ದೆಯ 16ನೇ ಸೆಕ್ಷನ್ನಿನ ಮಾತು ಮಾತ್ರ ಹೆಚ್ಚಿಗೆ ಯಾರ ಕಿವಿಗೂ ಬಿದ್ದಿಲ್ಲ. ಕಲಿಕೆಯ ತೊಡಕನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು ಅಂತ ಅದು ಶಾಲೆಗಳಿಗೆ ಹೇಳುತ್ತದೆ. ಒತ್ತಕ್ಷರ ತಪ್ಪುವ ಮಗುವನ್ನು ಪಕ್ಕ ಕೂರಿಸಿಕೊಂಡು, ಒಂದೊಂದೇ ಸದ್ದು ಬಿಡಿಸಿ ಬರೆಸಲು ಎರಡನೇ ಕ್ಲಾಸಿನ ಟೀಚರಿಗೆ ಆಸ್ಪತ್ರೆಯ ಕಾಗದ ಬೇಕಾಗಿಲ್ಲ.