ಆರಂಭಕ್ಕೆ ಐವರು, ಮುಂದುವರಿಯಲು ಇಬ್ಬರು

ಬ್ಯಾಸ್ಕೆಟ್‌ಬಾಲ್ ತಂಡವೊಂದು ನಾಲ್ವರಿಗೆ ಇಳಿದ ಕೂಡಲೇ ರೆಫರಿಯಾದ ನನ್ನ ಬಳಿ ಕೋಚ್ ಓಡಿಬರುತ್ತಾರೆ: "ಸರ್, ಪಂದ್ಯ ಮುಗಿಯಿತಲ್ಲವೇ?" ಇಲ್ಲ, ಮುಗಿದಿಲ್ಲ. ಐವರು ಇರಲೇಬೇಕೆಂಬುದು ಆಟ ಶುರುವಾಗಲು ಇರುವ ಷರತ್ತು, ನಡೆಯುತ್ತಿರಲು ಇರುವುದಲ್ಲ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ, ನಿಗದಿತ ಸಮಯ ಕಳೆದು 15 ನಿಮಿಷವಾದರೂ ಐವರನ್ನು ಇಳಿಸಲಾಗದ ತಂಡ ಪಂದ್ಯವನ್ನು ಬಿಟ್ಟುಕೊಟ್ಟಂತೆ, ಫಲಿತಾಂಶ 20-0. ತಡವಾಗಿ ಬರುವ ಆಟಗಾರನ ಹೆಸರು ಸ್ಕೋರ್‌ಶೀಟ್‌ನಲ್ಲಿ ಮೊದಲೇ ಇದ್ದರೆ ಅವನು ಆಮೇಲೆ ಬಂದೂ ಆಡಬಹುದು. ಇದನ್ನು ಮರೆತು ಅವನ ಹೆಸರನ್ನೇ ಬಿಟ್ಟುಬಿಡುವ ತಂಡಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಟ ಶುರುವಾದ ಮೇಲೆ ಐದು ಫೌಲ್ ಅಥವಾ ಗಾಯದಿಂದ ಆಟಗಾರರು ಹೊರಹೋಗಿ, ಬದಲಿಗಳೂ ಇಲ್ಲವಾದರೆ ನಾಲ್ವರು, ಮೂವರು, ಕೊನೆಗೆ ಇಬ್ಬರೇ ಆಡಬಹುದು. ಒಬ್ಬನೇ ಉಳಿದರೆ ಮಾತ್ರ ಆಟ ನಿಲ್ಲುತ್ತದೆ. ಇದರ ಹಿಂದಿನ ತರ್ಕ ಸರಳ. ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆಸೆದವನು, ಬೇರೊಬ್ಬರು ಮುಟ್ಟುವ ಮೊದಲು ತಾನೇ ಅದನ್ನು ಮುಟ್ಟುವಂತಿಲ್ಲ. ಪಾಸ್ ಪಡೆಯಲು ಜೊತೆಗಾರನಿಲ್ಲದಿದ್ದರೆ ಆಟ ಸಾಗುವುದಾದರೂ ಹೇಗೆ? ಆಗ ಎದುರಾಳಿ ಮುಂದಿದ್ದರೆ ಆ ಹೊತ್ತಿನ ಸ್ಕೋರ್ ಹಾಗೆಯೇ ಉಳಿಯುತ್ತದೆ. ಇಲ್ಲದಿದ್ದರೆ ಎದುರಾಳಿಯ ಪರವಾಗಿ 2-0 ಎಂದು ದಾಖಲಾಗುತ್ತದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ದಾರಿಯೇ ಬೇರೆ. ಅಲ್ಲಿ ತಂಡ ಐವರಿಗಿಂತ ಕೆಳಗಿಳಿಯುವಂತಿಲ್ಲ. 2014ರ ಫೆಬ್ರವರಿಯಲ್ಲಿ ಲೇಕರ್ಸ್ ತಂಡದ ರಾಬರ್ಟ್ ಸಾಕ್ರೆ ಆರನೇ ಫೌಲ್ (ಅಲ್ಲಿ ಆಟಗಾರ ಹೊರಹೋಗುವುದು ಆರಕ್ಕೆ) ಮಾಡಿದಾಗ ಬದಲಿ ಯಾರೂ ಉಳಿದಿರಲಿಲ್ಲ. ತಂಡಕ್ಕೆ ತಾಂತ್ರಿಕ ಫೌಲ್ ವಿಧಿಸಿ ಅವರನ್ನೇ ಆಟದಲ್ಲಿ ಮುಂದುವರಿಸಲಾಯಿತು.

ಮೂವರಾದರೆ ಸೋಲು ಖಚಿತವೆಂದು ಕೈಚೆಲ್ಲುವವರಿಗೆ ನಾನು ಅಮೆರಿಕದ ಕಾಲೇಜು ಪಂದ್ಯವೊಂದನ್ನು ನೆನಪಿಸುತ್ತೇನೆ. 2017ರ ನವೆಂಬರ್‌ನಲ್ಲಿ ಮಿನೆಸೋಟ ವಿರುದ್ಧ ಅಲಬಾಮಾ ಕೊನೆಯ ಹತ್ತು ನಿಮಿಷಗಳಿಗೂ ಹೆಚ್ಚು ಕಾಲ ಮೂವರಿಂದಲೇ ಆಡಿತು. ಸೋತದ್ದು 89-84ರಿಂದ, ಬರೀ ಐದು ಅಂಕಗಳಿಂದ. ಅಲಬಾಮಾದ ಕಾಲಿನ್ ಸೆಕ್ಸ್‌ಟನ್ ಒಬ್ಬರೇ 40 ಅಂಕ ಗಳಿಸಿದ್ದರು.

ಸಿಟ್ಟಿನಿಂದ ತಂಡವನ್ನು ಹೊರಗೆ ಕರೆದೊಯ್ಯುವುದು ಮಾತ್ರ ದುಬಾರಿ. ಫಿಬಾ ನಿಯಮದಡಿ, ರೆಫರಿ ಸೂಚಿಸಿದ ಮೇಲೂ ಆಡಲು ನಿರಾಕರಿಸಿದರೆ, ಅದುವರೆಗೆ ಗಳಿಸಿದ ಅಂಕಗಳೆಲ್ಲ ಅಳಿಸಿ 20-0 ಆಗುತ್ತದೆ, ಪಟ್ಟಿಯಲ್ಲಿ ಸೊನ್ನೆ ಪಾಯಿಂಟ್. ಆಡಿ ಸೋತರೆ, ಕೊನೆಗೆ ಒಬ್ಬನೇ ಉಳಿದು ಸೋತರೂ, ಲೀಗ್ ಪಟ್ಟಿಯಲ್ಲಿ ಒಂದು ಪಾಯಿಂಟ್ ಸಿಗುತ್ತದೆ.