ಬರೀ ಪಾದ ಸಿಕ್ಕಾಗ

2007ರ ಆಗಸ್ಟ್‌ನಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ದ್ವೀಪವೊಂದರ ದಡದಲ್ಲಿ ಹುಡುಗಿಯೊಬ್ಬಳಿಗೆ ರನ್ನಿಂಗ್ ಶೂ ಸಿಕ್ಕಿತು. ಗಂಡಸರದು, 12ನೇ ಸೈಜು. ಒಳಗೆ ಕಾಲುಚೀಲ, ಅದರೊಳಗೆ ಪಾದ. ಆಮೇಲೂ ಅದೇ ಕಡಲಲ್ಲಿ ಇಂಥ ಶೂಗಳು ತೇಲಿಬಂದವು. ಯಾರೂ ಕತ್ತರಿಸಿದ್ದಲ್ಲ, ನೀರಿನಲ್ಲಿ ಶವ ಕೊಳೆತಂತೆ ಪಾದದ ಕೀಲು ತಾನಾಗಿ ಕಳಚುತ್ತದೆ, ಹಗುರ ಶೂ ತೇಲಿಸಿಕೊಂಡು ಹೋಗುತ್ತದೆ.

ಹೆಸರು ಹೇಳಲು ಡಿಎನ್‌ಎ ಇದೆ, ನಿಜ. ಆದರೆ ಹೋಲಿಸಿ ನೋಡಲು ಯಾರಾದರೂ ಬೇಕಲ್ಲ? ಕಾಣೆಯಾದವರ ಪಟ್ಟಿಯನ್ನು ಅರ್ಧಕ್ಕೆ ಇಳಿಸುವ ಪ್ರಶ್ನೆ: ಗಂಡೋ, ಹೆಣ್ಣೋ?

ಪೊಲೀಸರು ಪಾದ ಅಳೆಯಲು ಶುರುಮಾಡಿದ್ದು ಇದಕ್ಕಲ್ಲ. 1880ರ ದಶಕದಲ್ಲಿ ಪ್ಯಾರಿಸ್‌ನ ಅಲ್ಫೋನ್ಸ್ ಬರ್ಟಿಲನ್ ಹಳೇ ಅಪರಾಧಿಗಳನ್ನು ಗುರುತಿಸಲು ಎಡಪಾದದ ಉದ್ದವನ್ನೂ ದಾಖಲಿಸುತ್ತಿದ್ದ. ಆಸಾಮಿಯನ್ನು ಸ್ಟೂಲಿನ ಮೇಲೆ ಎಡಗಾಲೊಂದರಲ್ಲೇ ನಿಲ್ಲಿಸುತ್ತಿದ್ದರು. ಇಡೀ ಮೈಭಾರ ಅದರ ಮೇಲೆ ಬಿದ್ದರೆ ಬೆರಳು ಮುದುರಿ ಮೋಸ ಮಾಡುವುದು ಕಷ್ಟ.

1935ರಲ್ಲಿ ಸ್ಕಾಟ್ಲೆಂಡಿನ ಮೊಫಾಟ್ ಬಳಿ ತುಂಡಾದ ಎರಡು ಶವ ಸಿಕ್ಕಾಗ, ಪಾದಗಳ ಅಚ್ಚು ತೆಗೆದು ಕಾಣೆಯಾದ ಇಬ್ಬರು ಹೆಂಗಸರ ಶೂಗಳಿಗೆ ತೂರಿಸಿ ನೋಡಿದರು. ಕೂತವು. ಆದರೆ ಅಲ್ಲಿ ಯಾರ ಶೂ ತರಬೇಕೆಂಬ ಅಂದಾಜು ಮೊದಲೇ ಇತ್ತು.

ಏನೂ ಗೊತ್ತಿಲ್ಲದಾಗ ಲೆಕ್ಕವೇ ಗತಿ. 1976ರಲ್ಲಿ ಮಾನವಶಾಸ್ತ್ರಜ್ಞ ಜೆಂಟ್ರಿ ಸ್ಟೀಲ್ ಹಿಮ್ಮಡಿ ಮೂಳೆ ಮತ್ತು ಅದರ ಮೇಲಿನ ಮೂಳೆಯ ಅಳತೆಗಳಿಂದ ಗಂಡೋ ಹೆಣ್ಣೋ ಹೇಳುವ ಸೂತ್ರ ಕಟ್ಟಿದರು. ನೂರಕ್ಕೆ ಸುಮಾರು 79ರಿಂದ 89 ಸಲ ಸರಿಬಂತು. ಚರ್ಮ ಮಾಂಸ ಇರುವ ಪಾದಕ್ಕೆ ವಿಧಾನ ಸರಳ: ಹಿಮ್ಮಡಿಯ ತುದಿಯಿಂದ ಉದ್ದದ ಬೆರಳಿನವರೆಗೆ (ಅದು ಎಷ್ಟೋ ಜನರಲ್ಲಿ ಹೆಬ್ಬೆರಳಲ್ಲ, ಎರಡನೆಯದು) ಉದ್ದ, ಬೆರಳುಗಳ ಬುಡದಲ್ಲಿ ಅಗಲ. ಗಂಡಸರ ಸರಾಸರಿ 25 ಸೆಂ.ಮೀ., ಹೆಂಗಸರದು 23 ಎಂದುಕೊಳ್ಳಿ. ನಡುವಿನ 24 ಗಡಿ. 27 ಬಂದರೆ ಧೈರ್ಯವಾಗಿ ಹೇಳಬಹುದು. 24.2 ಬಂದರೆ? ಎತ್ತರದ ಹೆಂಗಸೂ ಇರಬಹುದು, ಕುಳ್ಳ ಗಂಡಸೂ ಇರಬಹುದು. ಅಗಲವನ್ನು ಉದ್ದದಿಂದ ಭಾಗಿಸಿ ಆಕಾರ ಹಿಡಿಯುವ ಉಪಾಯವೂ ಅಷ್ಟಾಗಿ ಕೈಹಿಡಿಯುವುದಿಲ್ಲ. ವ್ಯತ್ಯಾಸ ಇರುವುದು ಹೆಚ್ಚಾಗಿ ಗಾತ್ರದಲ್ಲಿ. ಅದಕ್ಕೇ ಕುಳ್ಳರ ಸಮುದಾಯದ ಗಡಿಯನ್ನು ಎತ್ತರದವರ ಸಮುದಾಯಕ್ಕೆ ಹಚ್ಚಿದರೆ ಹೆಂಗಸರಲ್ಲೂ ಎಷ್ಟೋ ಮಂದಿ ಗಂಡಸರಾಗಿಬಿಡುತ್ತಾರೆ!

ಇನ್ನು ಮಕ್ಕಳ ಪಾದವಾದರೆ, ಹರೆಯಕ್ಕೆ ಮುಂಚೆ ಗಂಡುಹೆಣ್ಣಿನ ಅಳತೆಗಳು ಬೆರೆತೇ ಇರುತ್ತವೆ. ಪುಟ್ಟ ಶೂ ಬಂದಾಗ ವರದಿಯಲ್ಲಿ ಲಿಂಗದ ಕಾಲಂ ಖಾಲಿ ಬಿಡುವುದೇ ಪ್ರಾಮಾಣಿಕ ಕೆಲಸ.