ಪ್ಲೇಲಿಸ್ಟ್ ಲಿಂಕ್ ಕಳಿಸಿದರೂ ಗೆಳೆಯರಿಗೆ ಹಾಡು ಸೇರಿಸಲು ಬರುತ್ತಿಲ್ಲ, ಏಕೆ?

ಪ್ರಶ್ನೆ: ನಾವು ಆರು ಜನ ಗೆಳೆಯರು ಸೇರಿ ಪ್ರವಾಸಕ್ಕೆಂದು ಒಂದು ಪ್ಲೇಲಿಸ್ಟ್ ಮಾಡುತ್ತಿದ್ದೇವೆ. ನಾನೇ ಶುರು ಮಾಡಿ ಗ್ರೂಪಿಗೆ ಲಿಂಕ್ ಹಾಕಿದೆ. ಲಿಂಕ್ ಎಲ್ಲರಿಗೂ ತೆರೆಯುತ್ತದೆ, ಹಾಡೂ ಕೇಳಿಸುತ್ತದೆ. ಆದರೆ ಯಾರಿಗೂ ಹೊಸ ಹಾಡು ಸೇರಿಸಲು ಆಗುತ್ತಿಲ್ಲ. ಸಾಲದ್ದಕ್ಕೆ ಇಬ್ಬರು ಬೇರೆ ಆ್ಯಪ್ ಬಳಸುತ್ತಾರೆ. ಏನು ಮಾಡಬೇಕು?

ಉತ್ತರ: ನೀವು ಕಳಿಸಿರುವುದು ಕೇಳುವವರ ಲಿಂಕ್. ಸೇರಿಸುವವರಿಗೆ ಕೊಡಬೇಕಾದ ಲಿಂಕ್ ಬೇರೆಯೇ ಇದೆ. ಹೊರನೋಟಕ್ಕೆ ಎರಡೂ ಒಂದೇ ಥರ, ಯಾವುದನ್ನು ಒತ್ತಿದರೂ ತೆರೆಯುವುದು ಅದೇ ಪ್ಲೇಲಿಸ್ಟ್. ಹಾಗಾಗಿಯೇ ಇಷ್ಟು ಜನ ಇಲ್ಲಿ ಎಡವುತ್ತಾರೆ. ಒಂದು ಮನೆಯ ವಿಳಾಸ, ಇನ್ನೊಂದು ಮನೆಯ ಬೀಗದ ಕೈ. ಷೇರ್ ಬಟನ್ ಒತ್ತಿದಾಗ ಹೋಗುವುದು ವಿಳಾಸ ಮಾತ್ರ. ಬೀಗದ ಕೈಗೆ ಪ್ರತಿ ಆ್ಯಪ್‌ನಲ್ಲೂ ಪ್ರತ್ಯೇಕ ಬಟನ್ ಇದೆ. ಪ್ಲೇಲಿಸ್ಟ್ ಶುರು ಮಾಡಿದವರು ನೀವಾದ್ದರಿಂದ ಅದನ್ನು ಮೊದಲು ಒತ್ತಬೇಕಾದವರೂ ನೀವೇ.

ಸ್ಪಾಟಿಫೈನಲ್ಲಾದರೆ ನಿಮ್ಮ ಪ್ಲೇಲಿಸ್ಟ್ ತೆರೆದು, ಹೆಸರಿನ ಕೆಳಗಿನ ಸಾಲಿನಲ್ಲಿ ಪ್ಲಸ್ ಗುರುತಿರುವ ಮನುಷ್ಯನ ಚಿತ್ರ ಹುಡುಕಿ. ಅದು ಕಾಣದಿದ್ದರೆ ಮೂರು ಚುಕ್ಕಿಯ ಮೆನುವಿನೊಳಗೆ ‘ಇನ್ವೈಟ್ ಕೊಲಾಬೊರೇಟರ್ಸ್’ ಎಂಬ ಆಯ್ಕೆ ಇರುತ್ತದೆ. ಒತ್ತಿದ ಕೂಡಲೇ ಆಹ್ವಾನದ ಲಿಂಕ್ ಸಿದ್ಧವಾಗುತ್ತದೆ, ಅದನ್ನೇ ಗ್ರೂಪಿಗೆ ಕಳಿಸಿ. ಈ ಲಿಂಕಿನ ಆಯಸ್ಸು 7 ದಿನ. ಎಂಟನೇ ದಿನ ಗ್ರೂಪಿನಲ್ಲಿ ಹಳೆಯ ಮೆಸೇಜ್ ಹುಡುಕಿ ಒತ್ತುವ ಗೆಳೆಯರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಹೊಸ ಲಿಂಕ್ ತೆಗೆದು ಕಳಿಸಬೇಕು. ಅಷ್ಟರೊಳಗೆ ಸೇರಿಕೊಂಡವರಿಗೆ ಅವಧಿ ಮುಗಿದರೂ ತೊಂದರೆ ಇಲ್ಲ. ದುಡ್ಡು ಕಟ್ಟದ ಖಾತೆಯವರೂ ಸೇರಬಹುದು. ಎಲ್ಲರೂ ಸೇರಿದ್ದಾರೆಯೇ ಎಂದು ತಿಳಿಯಲು ಪ್ಲೇಲಿಸ್ಟ್ ಹೆಸರಿನ ಬಳಿ ಇರುವ ಪುಟ್ಟ ಪ್ರೊಫೈಲ್ ಚಿತ್ರಗಳನ್ನು ನೋಡಿದರೆ ಸಾಕು.

ಆ್ಯಪಲ್ ಮ್ಯೂಸಿಕ್‌ಗೆ ಈ ಸೌಲಭ್ಯ ಬಂದದ್ದು ತಡವಾಗಿ, 2024ರ ಜನವರಿಯಲ್ಲಿ, ಐಒಎಸ್ 17.3ರ ಜೊತೆಗೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಉಳಿದಿರುವ ಐಫೋನ್‌ನಲ್ಲಿ ಆ ಬಟನ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೊಸದರಲ್ಲಿ ಪ್ಲೇಲಿಸ್ಟ್ ತೆರೆದು ‘ಕೊಲಾಬೊರೇಟ್’ ಒತ್ತಿದಾಗ ‘ಅಪ್ರೂವ್ ಕೊಲಾಬೊರೇಟರ್ಸ್’ ಎಂಬ ಸ್ವಿಚ್ ಕಾಣುತ್ತದೆ. ಅದು ಆನ್ ಇದ್ದರೆ, ಲಿಂಕ್ ಒತ್ತಿದವರನ್ನು ನೀವು ಒಪ್ಪಿಕೊಳ್ಳುವವರೆಗೆ ಅವರು ಬಾಗಿಲಲ್ಲೇ ಕಾಯಬೇಕು. ಆಫ್ ಇದ್ದರೆ ಲಿಂಕ್ ಸಿಕ್ಕ ಯಾರಾದರೂ ಒಳಗೆ ಬರಬಹುದು. ‘ನಾನು ಸೇರಿದೆ, ಆದರೂ ಹಾಡು ಹಾಕಲು ಬರುತ್ತಿಲ್ಲ’ ಎಂದು ಗೆಳೆಯರು ಹೇಳಿದರೆ, ಒಪ್ಪಿಗೆ ಕೇಳಿದ ಕೋರಿಕೆ ನಿಮ್ಮ ಫೋನಿನಲ್ಲೇ ಉಳಿದಿದೆಯೇ ಎಂದು ಮೊದಲು ನೋಡಿ. ಇಲ್ಲಿ ಎಲ್ಲರಿಗೂ ಚಂದಾ ಇರಬೇಕು, ಪುಕ್ಕಟೆ ಖಾತೆ ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ಲೈಬ್ರರಿ’ ಕೂಡ ಆನ್ ಇರಬೇಕು.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ದಾರಿ ಸ್ವಲ್ಪ ಸುತ್ತು. ಪ್ಲೇಲಿಸ್ಟ್ ತೆರೆದು ಪೆನ್ಸಿಲ್ ಗುರುತು ಒತ್ತಿ, ‘ಕೊಲಾಬೊರೇಟ್’ ಭಾಗಕ್ಕೆ ಹೋಗಿ, ಇತರರೂ ಹಾಡು ಸೇರಿಸಬಹುದು ಎಂಬ ಸ್ವಿಚ್ ಆನ್ ಮಾಡಿ, ಅಲ್ಲಿಯೇ ಕಾಣುವ ಲಿಂಕ್ ಕಾಪಿ ಮಾಡಿ. ಜೊತೆಗೆ ಪ್ಲೇಲಿಸ್ಟ್‌ನ ಗೋಪ್ಯತೆಯನ್ನೂ ನೋಡಿಕೊಳ್ಳಿ. ‘ಪ್ರೈವೇಟ್’ ಅಂದರೆ ನಿಮಗೆ ಮಾತ್ರ, ‘ಪಬ್ಲಿಕ್’ ಅಂದರೆ ಹುಡುಕಿದ ಎಲ್ಲರಿಗೂ. ಗೆಳೆಯರ ಗುಂಪಿಗೆ ಒಗ್ಗುವುದು ನಡುವಿನ ‘ಅನ್‌ಲಿಸ್ಟೆಡ್’, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ.

ಸರಿಯಾದ ಲಿಂಕ್ ಕಳಿಸಿದ ಮೇಲೂ ಒಬ್ಬಿಬ್ಬರಿಗೆ ಆಗುತ್ತಿಲ್ಲ ಎಂದರೆ ತಪ್ಪು ಹೆಚ್ಚಾಗಿ ಲಿಂಕ್ ತೆರೆಯುವ ಜಾಗದಲ್ಲಿರುತ್ತದೆ. ಕೆಲವು ಮೆಸೇಜ್ ಆ್ಯಪ್‌ಗಳು ಲಿಂಕನ್ನು ತಮ್ಮೊಳಗಿನ ಪುಟ್ಟ ಬ್ರೌಸರ್‌ನಲ್ಲೇ ತೆರೆಯುತ್ತವೆ. ಅಲ್ಲಿ ನಿಮ್ಮ ಗೆಳೆಯರು ಲಾಗಿನ್ ಆಗಿರುವುದಿಲ್ಲ. ಹಾಡಿನ ಪಟ್ಟಿ ಕಾಣುತ್ತದೆ, ಸೇರುವ ಬಟನ್ ಕೆಲಸ ಮಾಡುವುದಿಲ್ಲ. ಲಿಂಕ್ ಕಾಪಿ ಮಾಡಿ ಫೋನಿನ ಬ್ರೌಸರ್‌ಗೆ ಅಂಟಿಸಿ, ಅಲ್ಲಿಂದ ಆ್ಯಪ್‌ಗೆ ಹೋದರೆ ಸರಿಹೋಗುತ್ತದೆ. ಯೂಟ್ಯೂಬ್‌ನಲ್ಲಿ ಇನ್ನೊಂದು ತೊಡಕೂ ಇದೆ. ಕೆಲಸದ್ದೊಂದು, ಸ್ವಂತದ್ದೊಂದು ಎಂದು ಎರಡು ಗೂಗಲ್ ಖಾತೆ ಇಟ್ಟುಕೊಂಡವರು ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಪ್ಲೇಲಿಸ್ಟ್ ಹುಡುಕುತ್ತಿರುತ್ತಾರೆ.

ಆ ಇನ್ನಿಬ್ಬರ ವಿಷಯ

ಎರಡು ಬೇರೆ ಆ್ಯಪ್‌ಗಳ ನಡುವೆ ಒಂದೇ ಪ್ಲೇಲಿಸ್ಟನ್ನು ಎರಡೂ ಕಡೆಯಿಂದ ತಿದ್ದುವ ವ್ಯವಸ್ಥೆಯನ್ನು ಈ ಆ್ಯಪ್‌ಗಳು ಕೊಟ್ಟಿಲ್ಲ. ಪ್ಲೇಲಿಸ್ಟ್ ಅಂದರೆ ಹಾಡುಗಳ ಕಂತೆಯಲ್ಲ, ಒಂದು ಆ್ಯಪ್‌ನ ಉಗ್ರಾಣದಲ್ಲಿರುವ ಹಾಡುಗಳ ನಂಬರುಗಳ ಪಟ್ಟಿ. ಆ ನಂಬರುಗಳಿಗೆ ಇನ್ನೊಂದು ಆ್ಯಪ್‌ನಲ್ಲಿ ಅರ್ಥವಿಲ್ಲ. ಆದ್ದರಿಂದ ಸೌಂಡಿಜ್, ಟ್ಯೂನ್‌ಮೈಮ್ಯೂಸಿಕ್‌ನಂಥ ವರ್ಗಾವಣೆ ಸೇವೆಗಳು ಪ್ರತಿ ಹಾಡನ್ನೂ ಆಚೆ ಕಡೆ ಹೊಸದಾಗಿ ಹುಡುಕಬೇಕಾಗುತ್ತದೆ.

ಹುಡುಕಾಟಕ್ಕೆ ಆಧಾರ ಹಾಡಿನ ಹೆಸರು, ಕಲಾವಿದರ ಹೆಸರು, ಮತ್ತು ಸಿಕ್ಕಿದರೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತ. ಈ ಸಂಕೇತ ಹಾಡಿಗಲ್ಲ, ಧ್ವನಿಮುದ್ರಣಕ್ಕೆ ಸೇರಿದ್ದು. ಅದೇ ಹಾಡನ್ನು ವೇದಿಕೆಯ ಮೇಲೆ ಹಾಡಿ ಮುದ್ರಿಸಿದರೆ ಸಂಕೇತ ಬೇರೆ, ಹಳೆಯ ಮುದ್ರಣವನ್ನು ರೀಮಾಸ್ಟರ್ ಮಾಡಿ, ಅಂದರೆ ಧ್ವನಿಯನ್ನು ಹೊಸದಾಗಿ ಹದಗೊಳಿಸಿ ಬಿಟ್ಟರೂ ಸಾಮಾನ್ಯವಾಗಿ ಬೇರೆ. ಸಂಕೇತ ಹೊಂದದೆ ಬರೀ ಹೆಸರಿನ ಮೇಲೆ ಹುಡುಕಿದಾಗ ಮೂಲ ಹಾಡಿನ ಜಾಗದಲ್ಲಿ ಕರೋಕೆ ಆವೃತ್ತಿಯೋ, ಬೇರೆಯವರು ಹಾಡಿದ ಕವರೋ ಬಂದು ಕೂರುತ್ತದೆ. ಹೆಸರುಗಳ ಲಿಪ್ಯಂತರ ಒಂದೊಂದು ಕಡೆ ಒಂದೊಂದು ಥರ ಇರುವ ಹಾಡುಗಳಲ್ಲಂತೂ ಇದು ಮಾಮೂಲು. ವರ್ಗಾವಣೆ ಮುಗಿದ ಮೇಲೆ ‘ಸಿಗಲಿಲ್ಲ’ ಎಂಬ ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಸಿಕ್ಕಿದೆ ಎಂದು ತೋರಿಸಿದ ಹಾಡುಗಳ ಅವಧಿಯನ್ನೂ ಮೇಲಿಂದ ಕೆಳಗೆ ಹೋಲಿಸಿ. ನಾಲ್ಕು ನಿಮಿಷದ ಹಾಡು ಆಚೆ ಏಳು ನಿಮಿಷವಾಗಿದ್ದರೆ ಬಂದಿರುವುದು ಬೇರೆ ಮುದ್ರಣ.

ಇನ್ನೂ ಮುಖ್ಯವಾದದ್ದು, ವರ್ಗಾವಣೆಯಲ್ಲಿ ಸಿಗುವುದು ಆ ಹೊತ್ತಿನ ಪ್ರತಿ ಮಾತ್ರ. ನಾಳೆ ಇಲ್ಲಿ ಸೇರಿಸಿದ ಹಾಡು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಎರಡೂ ಕಡೆ ಹೊಂದಿಸುತ್ತಲೇ ಇರುವ ಸೌಲಭ್ಯ ಕೆಲವು ಸೇವೆಗಳಲ್ಲಿ ಇದ್ದರೂ, ಆರು ಜನರ ಪ್ರವಾಸದ ಪಟ್ಟಿಗೆ ಅದಕ್ಕೆ ಕೈ ಹಾಕುವುದು ಅತಿಯಾಯಿತು. ಸರಳ ಉಪಾಯ ಇಷ್ಟೇ: ಪುಕ್ಕಟೆ ಖಾತೆ ಕೊಡುವ ಆ್ಯಪ್‌ನಲ್ಲಿ ಪ್ಲೇಲಿಸ್ಟ್ ಇಡಿ, ಆ ಇಬ್ಬರು ಸೇರಿಸುವುದಕ್ಕಷ್ಟೇ ಅಲ್ಲೊಂದು ಖಾತೆ ತೆರೆಯಲಿ. ಅದಕ್ಕೂ ಒಲ್ಲೆ ಎಂದರೆ ತಮ್ಮ ಹಾಡಿನ ಲಿಂಕನ್ನು ಗ್ರೂಪಿಗೆ ಹಾಕಲಿ, ಯಾರಾದರೂ ಒಬ್ಬರು ಅದನ್ನು ನೋಡಿ ಸೇರಿಸಲಿ. ಒಂದು ಆ್ಯಪ್‌ನ ಹಾಡಿನ ಲಿಂಕ್ ಕೊಟ್ಟರೆ ಉಳಿದ ಆ್ಯಪ್‌ಗಳ ಲಿಂಕ್ ತೋರಿಸುವ ಸಾಂಗ್‌ಲಿಂಕ್ ಎಂಬ ಪುಟವಿದೆ. ಬಿಡಿ ಹಾಡಿಗೆ, ಆಲ್ಬಮ್‌ಗೆ ಅದು ಚೆನ್ನಾಗಿ ನಡೆಯುತ್ತದೆ. ನನ್ನ ಮಟ್ಟಿಗೆ, ಎಲ್ಲರ ಆ್ಯಪ್ ಬದಲಿಸಲು ಹೆಣಗುವುದಕ್ಕಿಂತ ಹೀಗೆ ಒಬ್ಬರು ಹೊಣೆ ಹೊರುವುದೇ ಮೇಲು.

ಆರು ಕೈ ಬಿದ್ದ ಮೇಲೆ

ಸ್ಪಾಟಿಫೈ ಮತ್ತು ಆ್ಯಪಲ್ ಮ್ಯೂಸಿಕ್‌ನಲ್ಲಿ ಸೇರಿಸುವ ಹಕ್ಕು ಸಿಕ್ಕವರಿಗೆ ತೆಗೆಯುವ ಹಕ್ಕೂ ಸಿಗುತ್ತದೆ, ಅದೂ ತಾವು ಹಾಕಿದ್ದನ್ನಷ್ಟೇ ಅಲ್ಲ, ಯಾರು ಹಾಕಿದ್ದನ್ನಾದರೂ. ಯಾರು ಯಾವ ಹಾಡು ಸೇರಿಸಿದರೆಂದು ಆ್ಯಪ್ ತೋರಿಸುತ್ತದೆ. ಯಾರು ತೆಗೆದರೆಂದು ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಸ್ಕ್ರೋಲ್ ಮಾಡುವಾಗ ಬೆರಳು ತಾಗಿ ಅಳಿಸಿದ್ದೇ ಇರಬಹುದು, ಆದರೆ ಗುಂಪಿನಲ್ಲಿ ಮನಸ್ತಾಪಕ್ಕೆ ಅಷ್ಟೇ ಸಾಕು. ಇದಕ್ಕೆ ಮದ್ದು ಪ್ರತಿ ತೆಗೆದಿಡುವುದು. ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್‌ನ ಮೂರು ಚುಕ್ಕಿ ಒತ್ತಿ, ಇಡೀ ಪಟ್ಟಿಯನ್ನು ಇನ್ನೊಂದು ಹೊಸ ಪ್ಲೇಲಿಸ್ಟ್‌ಗೆ ಸೇರಿಸಿಬಿಡಿ. ಅದನ್ನು ಯಾರಿಗೂ ಹಂಚಬೇಡಿ. ಇಡೀ ಪ್ಲೇಲಿಸ್ಟನ್ನೇ ನೀವು ಅಳಿಸಿಕೊಂಡರೆ, ಸ್ಪಾಟಿಫೈ ವೆಬ್‌ಸೈಟಿನ ಖಾತೆ ಪುಟದಲ್ಲಿ 90 ದಿನಗಳವರೆಗೆ ಅದನ್ನು ಮರಳಿ ಪಡೆಯಬಹುದು. ಒಂದೆರಡು ಹಾಡು ಹೋದರೆ ಆ ದಾರಿ ಕೆಲಸಕ್ಕೆ ಬರುವುದಿಲ್ಲ.

ಎಷ್ಟು ಹಾಡು ಬೇಕು ಎಂಬ ಲೆಕ್ಕ ಮೊದಲೇ ಹಾಕಿಕೊಂಡರೆ ಅಳಿಸುವ ಪ್ರಸಂಗವೇ ಕಡಿಮೆಯಾಗುತ್ತದೆ. ಹಾಡಿಗೆ ಸರಾಸರಿ ನಾಲ್ಕು ನಿಮಿಷ ಎಂದರೆ ಗಂಟೆಗೆ 15 ಹಾಡು. ಆರು ಗಂಟೆಯ ದಾರಿಗೆ 90, ತಲೆಗೆ 15. ಮಿತಿ ಹೇಳದೆ ಬಿಟ್ಟರೆ ಒಬ್ಬರು ಒಂದೇ ಆಲ್ಬಮ್ಮಿನ ಅಷ್ಟೂ ಹಾಡು ಸುರಿಯುತ್ತಾರೆ. ಒಂದೇ ಹಾಡು ಎರಡು ಸಲ ಬಂದರೆ ಆ್ಯಪ್ ಎಚ್ಚರಿಸುವುದುಂಟು, ಆದರೆ ಬಿಡಿಯಾಗಿ ಬಿಡುಗಡೆಯಾದದ್ದು ಮತ್ತು ಆಲ್ಬಮ್‌ನಲ್ಲಿರುವುದು ಆ್ಯಪ್‌ನ ಲೆಕ್ಕದಲ್ಲಿ ಬೇರೆ ಬೇರೆ ಆಗಿರಬಹುದು. ಹೆಸರಿನ ಪ್ರಕಾರ ಜೋಡಿಸಿ ನೋಡಿದರೆ ಇಂಥವು ಅಕ್ಕಪಕ್ಕ ಬಂದು ಸಿಕ್ಕಿಬೀಳುತ್ತವೆ.

ಹೀಗೆ ಜೋಡಿಸಿ ನೋಡುವುದು ನಿಮ್ಮ ಪರದೆಗೆ ಮಾತ್ರ, ಪ್ಲೇಲಿಸ್ಟ್‌ನ ನಿಜವಾದ ಕ್ರಮ ಅದರಿಂದ ಬದಲಾಗುವುದಿಲ್ಲ. ‘ನಾನು ಒಂದು ಕ್ರಮದಲ್ಲಿ ಇಟ್ಟಿದ್ದೆ, ಅವರಿಗೆ ಬೇರೆ ಥರ ಕಾಣುತ್ತಿದೆ’ ಎಂಬ ದೂರಿನ ಮೂಲವೂ ಇದೇ. ಎಲ್ಲರೂ ‘ಕಸ್ಟಮ್ ಆರ್ಡರ್’ ಆರಿಸಿ, ಷಫಲ್ ಆಫ್ ಮಾಡಿದಾಗ ಮಾತ್ರ ನೀವು ಎಳೆದು ಜೋಡಿಸಿದ ಸಾಲು ಎಲ್ಲರಿಗೂ ಒಂದೇ ಆಗುತ್ತದೆ.

ಹಾಡಿನ ಸಂಖ್ಯೆಯೇ ಒಬ್ಬೊಬ್ಬರಿಗೆ ಒಂದೊಂದು ಥರ ಕಂಡರೆ ಯಾರೋ ಅಳಿಸಿದ್ದಾರೆ ಎಂದು ಅನುಮಾನಿಸಬೇಡಿ. ಹಾಡಿನ ಹಕ್ಕುಗಳನ್ನು ದೇಶವಾರು ಕೊಡುವುದರಿಂದ ಒಂದು ದೇಶದಲ್ಲಿರುವ ಖಾತೆಗೆ ಸಿಗುವ ಹಾಡು ಇನ್ನೊಂದು ದೇಶದ ಖಾತೆಗೆ ಸಿಗದಿರಬಹುದು. ಕಂಪನಿ ಹಾಡನ್ನು ಹಿಂತೆಗೆದುಕೊಂಡರೂ ಹಾಗೆಯೇ. ಅಂಥವು ಬೂದು ಬಣ್ಣಕ್ಕೆ ತಿರುಗುತ್ತವೆ, ಇಲ್ಲವೇ ಪೂರಾ ಮರೆಯಾಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ನುಡಿಸಲಾಗದ ಹಾಡುಗಳನ್ನೂ ತೋರಿಸುವ ಆಯ್ಕೆ ಆನ್ ಮಾಡಿದರೆ ಸ್ಪಾಟಿಫೈ ಅವುಗಳ ಹೆಸರನ್ನಾದರೂ ತೋರಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವ ಎಂಪಿ3 ಫೈಲನ್ನು ಲೋಕಲ್ ಫೈಲ್ ಆಗಿ ಸೇರಿಸಿದ್ದರೆ, ಅದು ನಿಮಗೆ ಕೇಳಿಸಿದರೂ ಗೆಳೆಯರಿಗೆ ಕೇಳಿಸುವುದಿಲ್ಲ. ಹೋಗುವುದು ಹೆಸರು ಮಾತ್ರ, ಫೈಲು ಹೋಗುವುದಿಲ್ಲ.

ಸ್ಪಾಟಿಫೈನ ಜ್ಯಾಮ್ ಮತ್ತು ಬ್ಲೆಂಡ್ ಅನ್ನು ಇದರ ಜೊತೆ ಬೆರೆಸಬೇಡಿ. 2023ರಲ್ಲಿ ಬಂದ ಜ್ಯಾಮ್ ಎಲ್ಲರೂ ಒಟ್ಟಿಗೆ ಕೇಳುವಾಗ ಸರದಿಗೆ ಹಾಡು ಹಾಕಲು ಇರುವುದು. 32 ಜನರವರೆಗೆ ಸೇರಬಹುದು, ಶುರು ಮಾಡುವವರಿಗೆ ಪ್ರೀಮಿಯಂ, ಅಂದರೆ ಚಂದಾ ಬೇಕು. ಬ್ಲೆಂಡ್ ಅಂದರೆ ಗೆಳೆಯರ ರುಚಿಗಳನ್ನು ಬೆರೆಸಿ ತಯಾರಾಗುವ ಪಟ್ಟಿ, ಅಲ್ಲಿ ಹಾಡು ಆರಿಸುವುದು ಆ್ಯಪ್, ನೀವಲ್ಲ.

ಹೊರಡುವ ಹಿಂದಿನ ರಾತ್ರಿ ಪಟ್ಟಿಯನ್ನು ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಎರಡರಲ್ಲೂ ಇದಕ್ಕೆ ಚಂದಾ ಬೇಕು, ಹಾಗಾಗಿ ಸ್ಪೀಕರಿಗೆ ಜೋಡಿಸುವ ಫೋನ್ ಚಂದಾ ಇರುವವರದ್ದೇ ಆಗಿರಲಿ. ಆ ಫೋನಿನವರು ಸ್ಪಾಟಿಫೈ ಬಳಸುವವರಾದರೆ ಪ್ಲೇಲಿಸ್ಟ್‌ನ ಮೂರು ಚುಕ್ಕಿಯೊಳಗೆ ‘ಎಕ್ಸ್‌ಕ್ಲೂಡ್ ಫ್ರಮ್ ಯುವರ್ ಟೇಸ್ಟ್ ಪ್ರೊಫೈಲ್’ ಒತ್ತಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಉಳಿದ ಐವರ ರುಚಿಯೂ ಅವರದ್ದೇ ಎಂದು ಆ್ಯಪ್ ತಿಳಿದು, ಪ್ರವಾಸ ಮುಗಿದ ಮೇಲೂ ಅಂಥ ಹಾಡುಗಳನ್ನೇ ಮುಂದಿಡುತ್ತಿರುತ್ತದೆ.